ಇಪ್ಪತ್ತೆಂಟು ಸೆಕೆಂಡಿನ ಕಾಮಗಾರಿ

ಅಕ್ಕನ ಮನೆಯ ಅಡುಗೆಮನೆ ಇಷ್ಟು ಚೆನ್ನಾಗಿ ಹೊಸದಾಗಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮ ಭಾವ, "ಆಯ್ತು, ಏನೋ ಆಯ್ತು" ಎಂದು ಮಾತು ಮುಗಿಸುತ್ತಾರೆ. ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿ ನಿಜ ಗೊತ್ತಿರುವವನು ನಾನು. ಆ ದಿನಗಳಲ್ಲಿ ನಾನು ಅವರ ಮನೆಯ ಸಣ್ಣ ಕೋಣೆಯಲ್ಲಿದ್ದೆ. ಕಡಲ ದಂಡೆಯ ಕಾಫಿ ಅಂಗಡಿಯೊಂದರಲ್ಲಿ ಬೀಜ ಹುರಿಯುವ ಕೆಲಸ ನನ್ನದು, ಹೀಗಾಗಿ ಕಾಫಿಯ ವಿಷಯದಲ್ಲಿ ಕೇಳಿದರೂ ಕೇಳದಿದ್ದರೂ ಸಲಹೆ ಕೊಡುತ್ತೇನೆ. ಈ ಪ್ರಕರಣದಲ್ಲಿ ಭಾವ ಕೇಳಿದ್ದರು. ಅದು ದಾಖಲಾಗಲಿ.

ಶುರುವಾದದ್ದು ಚುಸೊಕ್ ಸುಗ್ಗಿ ಹಬ್ಬದ ದಿನ, ನಮ್ಮ ಅಪ್ಪನ ಮನೆಯಲ್ಲಿ, ಊಟವಾದ ಮೇಲೆ. ಅಪ್ಪ ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ನಮ್ಮ ಗಂಗ್‌ನುಂಗ್‌ನಲ್ಲಿ ನಿವೃತ್ತರಾದವರು ಎರಡರಲ್ಲಿ ಒಂದು ಮಾಡುತ್ತಾರೆ: ಗಾಳ ಹಿಡಿಯುತ್ತಾರೆ, ಇಲ್ಲವೇ ಕಾಫಿ ತರಬೇತಿಗೆ ಸೇರುತ್ತಾರೆ. ಅಪ್ಪನಿಗೆ ಸಮುದ್ರವೆಂದರೆ ವಾಕರಿಕೆ. ಆದ್ದರಿಂದ ಅವರ ಕಾಫಿ ಪ್ರಮಾಣಪತ್ರ ಈಗ ರೈಲ್ವೆಯ ಸನ್ಮಾನಪತ್ರದ ಪಕ್ಕದಲ್ಲಿ, ಅದಕ್ಕಿಂತ ಒಂದು ಬೆರಳು ಮೇಲೆ, ನೇತಾಡುತ್ತಿದೆ.

ಅಪ್ಪನಿಗೆ ಇಬ್ಬರು ಅಳಿಯಂದಿರು. ದೊಡ್ಡಕ್ಕನ ಗಂಡ ಹಲ್ಲಿನ ಡಾಕ್ಟರು. ಅವರನ್ನು ಅಪ್ಪ "ಅಳಿಯಂದ್ರೆ" ಎಂದು ಕರೆಯುತ್ತಾರೆ. ಎರಡನೇ ಅಕ್ಕ ಯಂಗ್‌ರನ್. ಅವಳ ಗಂಡ, ಅಂದರೆ ಈ ಕಥೆಯ ಭಾವ ಗು ಬೊನ್‌ಹೋ, ಮೀನು ಸಹಕಾರ ಸಂಘದ ಶೀತಲ ಉಗ್ರಾಣದಲ್ಲಿ ಮೇಲ್ವಿಚಾರಕರು. ಅವರನ್ನು ಅಪ್ಪ ಮದುವೆಯಾಗಿ ಹದಿನಾರು ವರ್ಷವಾದರೂ ನೇರವಾಗಿ ಕರೆದವರೇ ಅಲ್ಲ. ಅವರು ಎದುರಿಗೆ ಕೂತಿದ್ದಾಗಲೂ ಅಪ್ಪ ಅಕ್ಕನ ಕಡೆ ತಿರುಗಿ, ಊಟಕ್ಕೆ ಕೂತ ಎಲ್ಲರಿಗೂ ಹೇಳುವ ಹಾಗೆ, "ಇವಳ ಗಂಡನಿಗೆ ಇನ್ನೊಂಚೂರು ಅನ್ನ ಹಾಕಿ" ಅನ್ನುತ್ತಾರೆ. ಭಾವ ಆ ಅನ್ನವನ್ನು ತಲೆ ಬಗ್ಗಿಸಿ ಉಣ್ಣುತ್ತಾರೆ.

ಅವತ್ತು ಅಪ್ಪ ಎಲ್ಲರಿಗೂ ಎಸ್ಪ್ರೆಸ್ಸೋ ಇಳಿಸಿ ಕೊಟ್ಟರು, ಜೇಬಿನಿಂದ ರೈಲ್ವೆ ಗಡಿಯಾರ ತೆಗೆದು ಅಳೆಯುತ್ತಾ. ಹದಿನೆಂಟು ಗ್ರಾಂ ಪುಡಿ, ಮೂವತ್ತಾರು ಗ್ರಾಂ ಕಾಫಿ, ಇಪ್ಪತ್ತೆಂಟು ಸೆಕೆಂಡು. ಇಪ್ಪತ್ತೇಳಕ್ಕೆ ಬಂದರೆ ಗಾಡಿ ಬೇಗ ಬಂತು, ಇಪ್ಪತ್ತೊಂಬತ್ತಕ್ಕೆ ಬಂದರೆ ತಡ, ಎರಡೂ ತಪ್ಪೇ ಎಂದು ವಿವರಿಸಿದರು. ಡಾಕ್ಟರು ತಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ಕಾಫಿ ಬರುತ್ತದೆ ಎಂದರು. ಅಪ್ಪ ಗುಂಡಿಯ ಬಗ್ಗೆ ಬೇಸರ ತೋರಿಸಿ, ಕಾಫಿಯ ಪ್ರಾಣ ಇರುವುದು ಗ್ರೈಂಡರಿನಲ್ಲಿ, ಸ್ವಂತ ಕೈಯಲ್ಲಿ ಬೀಜ ಪುಡಿ ಮಾಡದವನು ಕಾಫಿ ಕುಡಿದ ಹಾಗೆ ಅಲ್ಲ ಎಂದರು.

ಆಗ ನಮ್ಮ ಭಾವ, ದಿನಕ್ಕೆ ಆರು ಸಲ ದಿಢೀರ್ ಕಾಫಿಯ ಹಳದಿ ಪೊಟ್ಟಣ ಹರಿದು ಬಿಸಿನೀರಿಗೆ ಸುರಿದು, ಅದೇ ಪೊಟ್ಟಣ ಮಡಿಸಿ ಅದರಿಂದಲೇ ಕಲಕಿ ಕುಡಿಯುವ ಭಾವ, ಬಾಯಿಬಿಟ್ಟರು.

"ನಾನೂ ಮನೇಲಿ ಬೀಜ ಪುಡಿ ಮಾಡಿ ಇಳಿಸ್ತೀನಿ, ಮಾವ."

ಅಪ್ಪ ಹದಿನಾರು ವರ್ಷದಲ್ಲಿ ಮೊದಲ ಸಲ ಅವರ ಮುಖವನ್ನು ಪೂರ್ತಿಯಾಗಿ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಇವಳ ಗಂಡನ ಹತ್ರ ಯಾವ ಗ್ರೈಂಡರ್ ಇದೆ?" ಎಂದು ಕೇಳಿದರು.

"ದೊಡ್ಡದು," ಎಂದರು ಭಾವ.

ಅಪ್ಪ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ನವೆಂಬರ್ ತಿಂಗಳ ನಾಲ್ಕನೇ ಶನಿವಾರಕ್ಕೆ ಗುಂಡಗೆ ಗುರುತು ಹಾಕಿದರು. ಬೆಳಗ್ಗೆ ಹತ್ತು ಗಂಟೆ. ಈ ಅಳಿಯನ ಮನೆಗೆ ಅಪ್ಪ ಅದುವರೆಗೆ ಬಂದದ್ದು ಎರಡೇ ಸಲ. ಅದರಲ್ಲಿ ಒಂದು ಸಲ ವಿಳಾಸ ತಪ್ಪಿ.

ಯಂತ್ರದ ಮಟ್ಟಿಗೆ ತೊಂದರೆ ಇರಲಿಲ್ಲ. ಸಂಘದ ವರ್ಷಾಂತ್ಯದ ಲಾಟರಿಯಲ್ಲಿ ಬಂದ ಎಸ್ಪ್ರೆಸ್ಸೋ ಯಂತ್ರ ಎರಡು ವರ್ಷದಿಂದ ಪೆಟ್ಟಿಗೆಯೊಳಗೇ ಇದ್ದು ಹೂಕುಂಡಕ್ಕೆ ಪೀಠವಾಗಿತ್ತು. ಬೇಕಾಗಿದ್ದುದು ಗ್ರೈಂಡರ್. ಭಾವ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಸಲಹೆ ಕೇಳಿದರು.

ನಾನು ಒಂದೂವರೆ ಗಂಟೆ ಸಲಹೆ ಕೊಟ್ಟೆ. ಸಾರಾಂಶ ಇಷ್ಟೇ: ಕೈಯಲ್ಲಿ ತಿರುಗಿಸುವ ಒಳ್ಳೆ ಗ್ರೈಂಡರ್ ತಗೊಳ್ಳಿ. ಸದ್ದಿಲ್ಲ, ಜಾಗ ತಿನ್ನಲ್ಲ, ಪುಡಿ ಒಂದೇ ಸಮ ಬರುತ್ತೆ. ಭಾವ ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. "ಮಾವ ಬಂದಾಗ ನಾನು ತೊಡೆಸಂದೀಲಿ ಡಬ್ಬ ಇಟ್ಕೊಂಡು ರಾಟೆ ತಿರುಗಿಸ್ತಾ ಕೂತಿರ್ಲಾ? ದೊಡ್ಡದು ಅಂತ ಹೇಳಿ ಆಗಿದೆಯಪ್ಪ."

ದೊಡ್ಡದೇ ಬಂತು. ಮುಚ್ಚಿಹೋದ ಕಾಫಿ ಅಂಗಡಿಯೊಂದರ ಸಾಮಾನು ಮಾರುತ್ತಿದ್ದವನಿಂದ ಭಾವ ಅದನ್ನು ತಂದರು. ಹನ್ನೊಂದು ಕೆ.ಜಿ. ತೂಕ, ತಲೆಯ ಮೇಲೆ ಬೀಜ ಹಾಕುವ ಗಾಜಿನ ಬುರುಡೆ, ಅದರ ಕೆಳಗೆ ಬಳೆಯಂಥ ಒಂದು ಲೋಹದ ಪಟ್ಟಿ. ಆ ಬಳೆಯನ್ನು ಬಿಗಿ ಮಾಡಿದರೆ ಪುಡಿ ನುಣ್ಣಗಾಗುತ್ತದೆ, ಸಡಿಲಿಸಿದರೆ ತರಿಯಾಗುತ್ತದೆ. ಮಾರಿದವನು ಅದನ್ನು ಕಂಬಳಿಯಲ್ಲಿ ಸುತ್ತಿ ಕೊಡುವಾಗ ಕಣ್ಣೊರೆಸಿಕೊಂಡನಂತೆ. ದುಃಖಕ್ಕೋ ಬಿಡುಗಡೆಗೋ ಎಂದು ಭಾವ ವಿಚಾರಿಸಲಿಲ್ಲ. ಮನೆಗೆ ತಂದಾಗ ಅದು ಮೇಲಿನ ಕಪಾಟಿನ ಕೆಳಗೆ ಹಿಡಿಸಲಿಲ್ಲ. ಅನ್ನ ಮಾಡುವ ಕುಕ್ಕರು ತನ್ನ ಜಾಗ ಬಿಟ್ಟು ನೆಲಕ್ಕಿಳಿಯಿತು. ಅಕ್ಕ ಕುಕ್ಕರನ್ನು ನೋಡಿದಳು, ಗ್ರೈಂಡರನ್ನು ನೋಡಿದಳು, ಒಂಬತ್ತು ವರ್ಷದಿಂದ ಬಾಗಿಲು ಕಳಚಿಕೊಂಡಿರುವ ಸಿಂಕಿನ ಕೆಳಗಿನ ಕಪಾಟನ್ನು ನೋಡಿದಳು, ಅಂಚೆ ಕಚೇರಿಯ ಕೆಲಸಕ್ಕೆ ಹೊರಟುಹೋದಳು.

ಹೊಂದಿಸುವ ಕೆಲಸ ಪ್ರತಿದಿನ ಬೆಳಗ್ಗೆ ಆರರಿಂದ ಏಳು. ಮೊದಲ ಕಾಫಿ ಏಳು ಸೆಕೆಂಡಿಗೆ ಬಂತು. ಬಂತು ಅನ್ನುವುದಕ್ಕಿಂತ ಓಡಿಹೋಯಿತು. ಭಾವ ಬಳೆಯನ್ನು ಬಿಗಿ ಮಾಡಿದರು. ಎರಡನೆಯದು ಬರಲೇ ಇಲ್ಲ. ಯಂತ್ರ ಎಮ್ಮೆ ಈಯುವ ಹಾಗೆ ನರಳಿ, ಒಂದೂವರೆ ನಿಮಿಷಕ್ಕೆ ಒಂದು ಕಪ್ಪು ಹನಿ ಕೆಡವಿ ಸುಮ್ಮನಾಯಿತು. ಒಂದು ಸಲಕ್ಕೆ ಕೂದಲೆಳೆಯಷ್ಟೇ ತಿರುಗಿಸಿ, ಹಳೇ ಪುಡಿ ಒಳಗೆ ಉಳಿದಿರುತ್ತೆ, ತಿರುಗಿಸಿದ ಮೇಲೆ ಮೊದಲ ಎರಡು ಚಮಚ ಬಿಸಾಕಿ, ಮಿಕ್ಕಿದ್ದು ಯಾವುದನ್ನೂ ಬದಲಾಯಿಸಬೇಡಿ ಎಂದು ನಾನು ಹೇಳಿದೆ. ಭಾವ ಮರುದಿನ ಬಳೆ ತಿರುಗಿಸಿದರು, ಬೀಜ ಬದಲಾಯಿಸಿದರು, ಪುಡಿಯ ತೂಕವನ್ನೂ ಬದಲಾಯಿಸಿದರು, ಎರಡು ಚಮಚ ಬಿಸಾಡುವುದು ಅನ್ಯಾಯ ಎಂದು ಅದನ್ನೂ ಕುಡಿದರು. ಎಂಟೂವರೆಗೆ ಆಫೀಸಿನಲ್ಲಿ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಸ್ಕ್ವಿಡ್ ಮೀನಿನ ಪೆಟ್ಟಿಗೆಗಳ ಚೀಟಿಯ ಮೇಲಿನ ಸಹಿಯನ್ನು ಯಾರೂ ಒಪ್ಪಲಿಲ್ಲವಂತೆ.

ಆರನೇ ದಿನ ಗೋಡೆಯೊಳಗಿನ ಸ್ಪೀಕರು ಮಾತಾಡಿತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಸ್ಪೀಕರು. ಆರಿಸುವ ಗುಂಡಿ ಇಲ್ಲ. ಅದರಲ್ಲಿ ನಿರ್ವಹಣಾ ಕಚೇರಿಯ ಯೊಂ ಸಾಹೇಬರು ಮಾತಾಡುತ್ತಾರೆ. ಯಾರ ಮೇಲೆ ದೂರು ಬಂದರೂ ಅವರು ಮನೆಯ ನಂಬರು ಹೇಳುವುದಿಲ್ಲ. ಮರ್ಯಾದಸ್ಥರು. ಅಂದು ಅವರು ಗಂಟಲು ಸರಿಮಾಡಿಕೊಂಡು, ಕೆಲವು ದಿನಗಳಿಂದ ಬೆಳಗಿನ ಜಾವ ಯಂತ್ರದ ಸದ್ದು ಕೇಳುತ್ತಿದೆಯೆಂದೂ, ಮಾಡುತ್ತಿರುವವರಿಗೆ ತಮ್ಮ ಬಗ್ಗೆಯೇ ಹೇಳುತ್ತಿರುವುದು ಎಂದು ಗೊತ್ತಾಗುತ್ತದೆಯೆಂದೂ, ದಯವಿಟ್ಟು ಕೆಳಗಿನ ಮನೆಯವರ ಹೃದಯವನ್ನು ನೆನೆಸಿಕೊಳ್ಳಬೇಕೆಂದೂ ವಿನಂತಿಸಿದರು.

ಭಾವ ನಮ್ಮ ಕೆಳಗಿನ 602ರ ಅಜ್ಜಿಯ ಹೃದಯವನ್ನು ನೆನೆಸಿಕೊಂಡು ಬಿಳಿಚಿಹೋದರು. ಮರುದಿನ ಗ್ರೈಂಡರಿಗೆ ಚಳಿಗಾಲದ ರಜಾಯಿ ಹೊದಿಸಿದರು. ಅದರ ಮರುದಿನ ಬಚ್ಚಲಿಗೆ ಒಯ್ದರು. ಅಲ್ಲಿ ಅದು ದೇವಸ್ಥಾನದ ಗಂಟೆಯ ಹಾಗೆ ಮೊಳಗಿತು. ಮೂರನೇ ದಿನ ಬಟ್ಟೆಯ ಬೀರುವಿನೊಳಗೆ ಇಟ್ಟು ತಾವೂ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಅವತ್ತಿನಿಂದ ಅವರ ಕೋಟಿನ ಕಾಫಿ ಘಮ ಆಫೀಸಿನಲ್ಲಿ ಎಲ್ಲರ ಮನ ಸೆಳೆಯತೊಡಗಿತು.

ಅಪ್ಪ ಬರುವುದಕ್ಕೆ ಎರಡು ವಾರ ಉಳಿದಿತ್ತು. ಕಾಫಿ ಹದಿನಾಲ್ಕು ಸೆಕೆಂಡಿಗೆ ಬಂದು ನಿಂತಿತ್ತು. ಆಗ ಭಾವ ಲಿಫ್ಟಿನಲ್ಲಿ ಒಂದು ನೋಟೀಸು ಓದಿದರು: ಹನ್ನೊಂದನೇ ಮಹಡಿಯಲ್ಲಿ ಬಚ್ಚಲಿನ ಕಾಮಗಾರಿ, ಸದ್ದಾಗುತ್ತದೆ, ಕ್ಷಮೆ ಇರಲಿ, ನೆರೆಹೊರೆಯವರ ಒಪ್ಪಿಗೆ ಸಹಿ ಪಡೆಯಲಾಗಿದೆ. ಭಾವನಿಗೆ ಜ್ಞಾನೋದಯವಾಯಿತು. ಮನೆಗೆ ಬಂದವರೇ ನನಗೆ ಹೇಳಿದರು: "ಸಹಿ ಇಲ್ದಿದ್ರೆ ಗಲಾಟೆ. ಸಹಿ ಇದ್ರೆ ಕಾಮಗಾರಿ."

ಅವರು ನಿರ್ವಹಣಾ ಕಚೇರಿಯಿಂದ ಕಾಮಗಾರಿ ಒಪ್ಪಿಗೆ ಪತ್ರ ತಂದರು. ಅದರಲ್ಲಿ ಕಾಫಿ ಪುಡಿ ಮಾಡುವುದು ಎಂಬ ಕಾಲಂ ಇರಲಿಲ್ಲ. ಬಚ್ಚಲು, ಅಡುಗೆಮನೆ, ಬಾಲ್ಕನಿ, ನೆಲ ಎಂದು ನಾಲ್ಕೇ ಇದ್ದವು. ಭಾವ ಸುಳ್ಳು ಬರೆಯುವವರಲ್ಲ. ಗ್ರೈಂಡರ್ ಇರುವುದು ಅಡುಗೆಮನೆಯಲ್ಲಿ, ಆದ್ದರಿಂದ ಅಡುಗೆಮನೆಗೆ ಗುರುತು ಹಾಕಿದರು. ಮುಗಿಯುವ ದಿನಾಂಕ: ನಾಲ್ಕನೇ ಶುಕ್ರವಾರ.

ನಮ್ಮ ಲಿಫ್ಟಿಗೆ ಹದಿನೈದು ಮಹಡಿ, ಮಹಡಿಗೆ ಎರಡು ಬಾಗಿಲು. ನಿಯಮದ ಪ್ರಕಾರ ಅರ್ಧ ಮನೆಗಳ ಸಹಿ ಸಾಕು; ಅದಕ್ಕೇ ಜನ ವಾರಗಟ್ಟಲೆ ಅಲೆಯುತ್ತಾರೆ. ಭಾವ ಸದ್ದು ಮಾಡುವವರು ಕೊಡುವ ವಾಡಿಕೆಯ ಕಾಣಿಕೆ, ಮನೆಗೊಂದರಂತೆ ಕಸದ ಚೀಲದ ಕಟ್ಟು, ಹಿಡಿದುಕೊಂಡು ಸಂಜೆ ಆರಕ್ಕೆ ಹೊರಟರು. ಬೈಗುಳ ತಿನ್ನುವಾಗ ಸಾಕ್ಷಿಗಿರಲಿ ಎಂದು ನನ್ನನ್ನೂ ಕರೆದುಕೊಂಡರು.

602ರ ಅಜ್ಜಿ ಬಾಗಿಲು ತೆರೆದು, "ಕಾಮಗಾರಿ" ಎಂಬ ಶಬ್ದ ಕಿವಿಗೆ ಬಿದ್ದೊಡನೆ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. ಎಷ್ಟು ದಿನ ಬೇಕಾದರೂ ಮಾಡಿಕೊಳ್ಳಿ, ಬೆಳಗ್ಗೆ ಬೇಗನೇ ಶುರುಮಾಡಿ ಎಂದು ಉಪಚಾರ ಹೇಳಿದರು. 802ರ ಗಂಡಸು ಓದದೆ ಸಹಿ ಹಾಕಿ, ದಿನಾಂಕವನ್ನು ಡಿಸೆಂಬರಿನವರೆಗೆ ಎಳೆಯಲಾಗುವುದೇ ಎಂದು ಕೇಳಿದರು. 501ರ ಹೊಸ ದಂಪತಿ ಕೈ ಮುಗಿದರು. ಏಳೂವರೆಗೆಲ್ಲ ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು ಸಹಿಯೂ ಬಂದವು. ಹನ್ನೊಂದು ವರ್ಷದ ಸೇವೆಯಲ್ಲಿ ಇಂಥದ್ದನ್ನು ನೋಡಿಲ್ಲ ಎಂದು ಯೊಂ ಸಾಹೇಬರು ಪತ್ರವನ್ನು ಎರಡು ಕೈಯಲ್ಲಿ ಸ್ವೀಕರಿಸಿದರು. ಭಾವ ತಮ್ಮ ನೆರೆಯವರ ದೊಡ್ಡತನವನ್ನು ಮನೆ ಸೇರುವವರೆಗೂ ಕೊಂಡಾಡಿದರು.

ಆದರೆ ಪತ್ರಕ್ಕೆ ಸಹಿ ಬಿದ್ದ ಮೇಲೆ ಅದು ತನ್ನ ಕೆಲಸ ತಾನು ಮಾಡುತ್ತದೆ. ಮರುದಿನ ಲಿಫ್ಟಿನ ಗೋಡೆಗೆಲ್ಲ ಸಾಮಾನು ತಾಗದಂತೆ ನೀಲಿ ಮೆತ್ತೆ ಬಡಿದರು, ನೋಟೀಸು ಅಂಟಿಸಿದರು: 702, ಅಡುಗೆಮನೆ.

ಇದನ್ನು ಅಕ್ಕನಿಗೆ ಹೇಳುವುದನ್ನು ಭಾವ ಮರೆತಿದ್ದರು.

ಅಕ್ಕ ಕೆಲಸ ಮುಗಿಸಿ ಲಿಫ್ಟ್ ಹತ್ತಿದಳು, ಓದಿದಳು, ಏಳನೇ ಮಹಡಿಯಲ್ಲಿ ಇಳಿಯದೆ ಹದಿನೈದಕ್ಕೆ ಹೋದಳು, ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು. ಇದು ಜೊತೆಯಲ್ಲಿದ್ದ 501ರಾಕೆ ಆಮೇಲೆ ಹೇಳಿದ್ದು. ಮನೆಗೆ ಬಂದವಳು ಭಾವನಿಗೆ ಇಷ್ಟವಾದ ಮೊಟ್ಟೆಯ ಸುರುಳಿ ಮಾಡಿ ಮುಂದಿಟ್ಟಳು.

"ನಂಗೊಂದು ಮಾತೂ ಹೇಳ್ಲಿಲ್ವಲ್ರೀ."

ಸದ್ದಿಗೆ ಸಹಿ ಹಾಕಿಸಿದ ವಿಷಯ ಗೊತ್ತಾಯಿತು ಎಂದುಕೊಂಡು ಭಾವ ತಲೆ ತಗ್ಗಿಸಿದರು. "ನಿಂಗೆ ಗೊತ್ತಾಗೋಕ್ ಮುಂಚೆ ಮುಗಿಸ್ಬಿಡೋಣ ಅಂತಿದ್ದೆ."

"ಒಂಬತ್ತು ವರ್ಷ," ಎಂದಳು ಅಕ್ಕ. ಕಣ್ಣಲ್ಲಿ ನೀರಿತ್ತು. "ನಾನು ಹೇಳೋದು ಕಿವಿಗೇ ಹೋಗಲ್ಲ ಅಂದ್ಕೊಂಡಿದ್ದೆ."

ಭಾವ ಮೊಟ್ಟೆ ತಿಂದರು. ಏನೂ ಅರ್ಥವಾಗದಿದ್ದಾಗ ಅವರು ಚೆನ್ನಾಗಿ ತಿನ್ನುತ್ತಾರೆ. ಅರ್ಥವಾದದ್ದು ಭಾನುವಾರ, ಅಕ್ಕ ಹನ್ನೆರಡು ಟೈಲ್ಸ್ ತುಂಡುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಬಿಳಿಯೋ ತಿಳಿಹಸಿರೋ ಎಂದು ಕೇಳಿದಾಗ. ಭಾವ ನನ್ನನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ. ಅಷ್ಟರಲ್ಲಿ ಅಕ್ಕ ದೊಡ್ಡಕ್ಕನಿಗೆ ಫೋನು ಮಾಡಿ ನಲವತ್ತು ನಿಮಿಷ ಗಂಡನನ್ನು ಹೊಗಳಿ ಆಗಿತ್ತು; ದೊಡ್ಡಕ್ಕ ಅಪ್ಪನಿಗೆ ಹೇಳಿ ಆಗಿತ್ತು; ಮೇಸ್ತ್ರಿ ಅಳತೆ ತೆಗೆದುಕೊಂಡು ಹೋಗಿದ್ದ. ಭಾವ ಒಂದು ತುಂಡು ಕೈಗೆತ್ತಿಕೊಂಡು, ತಿಳಿಹಸಿರು ಎಂದರು.

ಮೇಸ್ತ್ರಿಯ ಲೆಕ್ಕದಲ್ಲಿ ಗುರುವಾರ ಒಡೆದು ಶುಕ್ರವಾರ ಜೋಡಿಸಿದರೆ ಶನಿವಾರ ಹತ್ತಕ್ಕೆ ಅಪ್ಪ ಹೊಸ ಅಡುಗೆಮನೆಯಲ್ಲೇ ಕಾಫಿ ಕುಡಿಯಬಹುದಿತ್ತು. ಗ್ರೈಂಡರಿಗೆಂದೇ ಒಂದು ಕಟ್ಟೆ, ಅದಕ್ಕೊಂದು ಸ್ವಂತ ಪ್ಲಗ್ಗು ಎಂದು ಅಕ್ಕ ಬರೆಸಿದಳು. ಬುಧವಾರ ಬೆಳಗ್ಗೆ ಕೊನೆಯ ಪ್ರಯತ್ನದಲ್ಲಿ ಕಾಫಿ ಮೂವತ್ತೊಂದು ಸೆಕೆಂಡಿಗೆ ಬಂತು. ಇಪ್ಪತ್ತೆಂಟಲ್ಲ, ಆದರೆ ಮರ್ಯಾದೆಗೆ ಮೋಸವಿಲ್ಲ. ಭಾವ ಬಳೆಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದು, ಇನ್ನು ದೇವರು ಬಂದರೂ ಇದನ್ನು ಮುಟ್ಟಬಾರದು ಎಂದರು.

ಗುರುವಾರ ಒಡೆದರು. ಶುಕ್ರವಾರ ಜೋಡಿಸಲಿಲ್ಲ. ಮೇಸ್ತ್ರಿ ಫೋನಿನಲ್ಲಿ, ಸಾಮಾನಿನ ಲಾರಿ ಇನ್ನೂ ಬೆಟ್ಟದ ಆಚೆಗೇ ಇದೆ ಎಂದು ದುಃಖ ವ್ಯಕ್ತಪಡಿಸಿದ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅಡುಗೆಮನೆಯಲ್ಲಿ ನಾಲ್ಕು ಬೋಳು ಗೋಡೆ, ನೇತಾಡುವ ಎರಡು ವೈರು, ನೆಲದ ಮೇಲೆ ಒಂದು ಗ್ರೈಂಡರ್. ಒಡೆಯುವಾಗ ಎಲ್ಲೋ ತಂತಿ ತುಂಡಾಗಿ ಮನೆಯ ಯಾವ ಪ್ಲಗ್ಗಿನಲ್ಲೂ ಕರೆಂಟಿರಲಿಲ್ಲ. ಭಾವ ಸಿಮೆಂಟಿನ ಚೀಲದ ಮೇಲೆ ಕೂತು, "ನಾನು ಇವಳ ಗಂಡನಾಗೇ ಸಾಯ್ತೀನಿ ಕಣೋ" ಎಂದರು. ಅಷ್ಟರಲ್ಲಿ, ಹೇಗಿದೆ ಕಾಮಗಾರಿ ಎಂದು ನೋಡಲು ಮೇಲೆ ಬಂದ 602ರ ಅಜ್ಜಿ ವಿಷಯ ಕೇಳಿ, "ನಮ್ಮನೇಲಿ ಪ್ಲಗ್ಗಿಲ್ವಾ?" ಎಂದರು.

ನಾವು ಹನ್ನೊಂದು ಕೆ.ಜಿ.ಯನ್ನು ಮೆಟ್ಟಿಲಲ್ಲಿ ಹೊತ್ತು ಇಳಿಸಿದೆವು. ಯಂತ್ರ ತರಲು ನಾನೂ ಭಾವನೂ ಮತ್ತೆ ಮೇಲೆ ಹೋದೆವು. ಇಳಿದು ಬರುವಷ್ಟರಲ್ಲಿ ಅಜ್ಜಿ ಒದ್ದೆ ಬಟ್ಟೆ ಹಿಡಿದು, ಗ್ರೈಂಡರಿನ ಮೇಲಿದ್ದ ಸಿಮೆಂಟ್ ಧೂಳನ್ನೆಲ್ಲ ಒರೆಸಿ ಫಳಫಳ ಮಾಡಿದ್ದರು. ಧೂಳೂ ಹೋಗಿತ್ತು, ಗೆರೆಯೂ ಹೋಗಿತ್ತು.

"ಆ ಬಳೆ ಸ್ವಲ್ಪ ಅಳ್ಳಾಡ್ತಿತ್ತು. ಹಿಂದೆ ಮುಂದೆ ತಿರುಗ್ಸಿ ಸರಿ ಮಾಡಿದೀನಿ," ಎಂದರು ಅಜ್ಜಿ.

ಎಷ್ಟು ಹಿಂದೆ, ಎಷ್ಟು ಮುಂದೆ? ಭಾವ ಬೀಜದ ಡಬ್ಬಿ ತೆರೆದರು. ಡಬ್ಬಿಯಲ್ಲಿ ಉಳಿದಿದ್ದುದು ಹದಿನೆಂಟು ಗ್ರಾಂ ಬೀಜ, ಒಂದೇ ಕಪ್ಪಿಗೆ. ಪರೀಕ್ಷಿಸಲು ಇಲ್ಲ, ಬಿಸಾಡಲು ಇಲ್ಲ. ನಾನು ಅಂಗಡಿಗೆ ಓಡಿ ಬರಲೇ ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಒಂಬತ್ತು ಐವತ್ತೆಂಟು. ಏಳನೇ ಮಹಡಿಯ ಅವಶೇಷಗಳನ್ನು ನೋಡಿಕೊಂಡು, ಅಕ್ಕನ ಹಿಂದೆ, ಅಪ್ಪ ಬಂದಿದ್ದರು. ಕೋಟು, ಟೋಪಿ, ಬಿಳಿ ಕೈಗವಸು.

ಅಪ್ಪ ಕುರ್ಚಿಯಲ್ಲಿ ಕೂತು ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಂಡರು. ಭಾವ ಗ್ರೈಂಡರಿನ ಗುಂಡಿ ಒತ್ತಿದರು. ರಜಾಯಿ, ಬಚ್ಚಲು, ಬೀರು ಎಲ್ಲವನ್ನೂ ಕಂಡ ಆ ಗ್ರೈಂಡರ್ ಯಾರ ಭಯವೂ ಇಲ್ಲದೆ ಗರ್ಜಿಸಿ ನಿಂತಿತು. ಭಾವ ಪುಡಿಯನ್ನು ಒತ್ತಿ, ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಅದುಮಿದರು.

"ಒಂದು," ಎಂದರು ಅಪ್ಪ.

ಅಜ್ಜಿ ಗ್ರೈಂಡರಿನ ಕಡೆ ಬೆರಳು ತೋರಿಸಿದರು. "ಏನ್ ಮಗಾ, ನೀವು ದಿನಾ ಬೆಳಗ್ಗೆ ಇದನ್ನೇ ಓಡಿಸ್ತಿದ್ರಾ?"

ಭಾವ ತಲೆಯಾಡಿಸಿದರು.

"ಇದು ನಂಗೊಂದಿನಾನೂ ಕೇಳ್ಸಿಲ್ಲ."

"ಎಂಟು," ಎಂದರು ಅಪ್ಪ. ಕಾಫಿ ಇನ್ನೂ ಬಂದಿರಲಿಲ್ಲ.

"ಸ್ಪೀಕರಲ್ಲಿ ಹೇಳಿದ್ದು ನನಗೇ ಅಂತ ನಾನು ನಡುಗಿಹೋಗಿದ್ದೆ," ಎಂದರು ಅಜ್ಜಿ. ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕುವ ಕಾಲ ನೋಡಿ, ಅವರು ದಿನಾ ಬೆಳಗ್ಗೆ ಐದೂವರೆಗೆ ಎದ್ದು ಮೆಣಸಿನಕಾಯಿ ಪುಡಿ ಮಾಡುತ್ತಿದ್ದರಂತೆ. 802ರವರು ಅದು ತಾವು ಬೆನ್ನುನೋವಿಗೆ ತಂದ ಯಂತ್ರದ ಸದ್ದೇ ಅಂದುಕೊಂಡಿದ್ದರಂತೆ. 501ರವರು ನಿಂತಲ್ಲೇ ಓಡುವ ವ್ಯಾಯಾಮದ ಯಂತ್ರವನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದರಂತೆ. "ನೀವು ಕಾಮಗಾರಿ ಅಂತ ಬಂದ್ರಲ್ಲ, ಎಲ್ರಿಗೂ ಹೋದ ಜೀವ ಬಂತು. ನಮ್ಮ ಸದ್ದೆಲ್ಲಾ ನಿಮ್ಮ ಲೆಕ್ಕಕ್ಕೆ ಹೋಯ್ತು."

"ಹದಿಮೂರು." ಮೊದಲ ಹನಿ ಬಿತ್ತು.

ಅಕ್ಕ ನಿಧಾನವಾಗಿ ಭಾವನ ಕಡೆ ತಿರುಗಿದಳು. "ರೀ. ಸಹಿ ಹಾಕಿಸಿದ್ದು ಯಾವುದಕ್ಕೆ?"

"ಹದಿನೇಳು."

ಭಾವನ ಒಂದು ಕಣ್ಣು ಕಪ್ಪಿನ ಮೇಲಿತ್ತು, ಇನ್ನೊಂದು ಅಕ್ಕನ ಮೇಲೆ. ಬೆವರು ಮಾತ್ರ ಎರಡೂ ಕಡೆ ಸಮ ಇಳಿಯುತ್ತಿತ್ತು. ಕಾಫಿ ಇಲಿಯ ಬಾಲದಷ್ಟು ತೆಳ್ಳಗೆ, ಜೇನಿನ ಬಣ್ಣದಲ್ಲಿ, ಒಂದೇ ಸಮನೆ ಇಳಿಯತೊಡಗಿತು. ಅಂಥ ಕಾಫಿಯನ್ನು ಅಂಗಡಿಯಲ್ಲಿ ನಾನೂ ವಾರಕ್ಕೊಂದು ಸಲ ಕಂಡರೆ ಹೆಚ್ಚು.

"ನಾನು ನಿಮ್ಮನ್ನೇ ಕೇಳಿದ್ದು."

"ಇಪ್ಪತ್ತೊಂದು. ಇಪ್ಪತ್ತೆರಡು."

"ಅದಕ್ಕೇನೇ," ಎಂದರು ಭಾವ, ಗ್ರೈಂಡರಿನ ಕಡೆ ಗದ್ದ ತೋರಿಸಿ. ಹದಿನಾರು ವರ್ಷದ ಸಂಸಾರದಲ್ಲಿ ಅವರು ಇಷ್ಟು ನೇರವಾಗಿ ನಿಜ ಹೇಳಿದ್ದನ್ನು ನಾನು ಕಂಡಿಲ್ಲ. ಕಪ್ಪಿನ ಕೆಳಗಿನ ತಕ್ಕಡಿ ಮೂವತ್ತಾರು ತೋರಿಸಿತು, ಅವರು ಗುಂಡಿ ಒತ್ತಿ ನಿಲ್ಲಿಸಿದರು.

ಅಪ್ಪ ರೈಲು ನಿಲ್ಲಿಸುವವರ ಹಾಗೆ ಕೈ ಎತ್ತಿದ್ದರು. ಗಡಿಯಾರವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕಿವಿಗೂ ಇಟ್ಟು ನೋಡಿದರು. "ಇಪ್ಪತ್ತೆಂಟು."

ಅಪ್ಪ ಕಪ್ಪು ಎತ್ತಿ, ಮೂಸಿ, ಮೂರು ಗುಟುಕಿನಲ್ಲಿ ಕುಡಿದು, ಕೆಳಗಿಟ್ಟರು. ಅಭ್ಯಾಸದಂತೆ ಅಕ್ಕನ ಕಡೆ ತಿರುಗಲು ಹೊರಟ ಕತ್ತು ಅರ್ಧದಲ್ಲೇ ನಿಂತಿತು, ವಾಪಸ್ ಬಂತು.

"ಅಳಿಯಂದ್ರೆ," ಎಂದರು. "ಇನ್ನೊಂದು ಹಾಕಿ."

ಭಾವ ತಮ್ಮ ಹಿಂದೆ ಹಲ್ಲಿನ ಡಾಕ್ಟರು ಬಂದು ನಿಂತಿದ್ದಾರೇನೋ ಎಂದು ತಿರುಗಿ ನೋಡಿದರು. ಇರಲಿಲ್ಲ. ಬೀಜವೂ ಇರಲಿಲ್ಲ. ನಾನು ಚಪ್ಪಲಿಯಲ್ಲೇ ಅಂಗಡಿಗೆ ಓಡಿದೆ. ಎರಡನೆಯದು ಇಪ್ಪತ್ತೊಂಬತ್ತಕ್ಕೆ ಬಂತು, ಅಪ್ಪ ಕ್ಷಮಿಸಿದರು.

ಅಕ್ಕ ಕ್ಷಮಿಸಲಿಲ್ಲ, ಕೂಗಾಡಲೂ ಇಲ್ಲ. ಅಪ್ಪ ಹೊರಟ ಮೇಲೆ ಅಜ್ಜಿಯ ಮೇಜಿನ ಮೇಲಿದ್ದ ಕಪ್ಪುಗಳನ್ನು ತೊಳೆದು ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ಸೋಮವಾರ ಆಫೀಸಿಂದ ಇನ್ನೊಂದು ಒಪ್ಪಿಗೆ ಪತ್ರ ತನ್ನಿ. ಬಚ್ಚಲಿಗೆ ಗುರುತು ಹಾಕಿ."

ಭಾವ ತಂದರು. ಯೊಂ ಸಾಹೇಬರು ಅದನ್ನು ಕೊಡುವಾಗ, ಅಂದಿನ ದೂರು ನಮ್ಮ ಕಟ್ಟಡದ್ದೇ ಅಲ್ಲ, ಆಚೆ ಕಟ್ಟಡದ ನೀರಿನ ಪಂಪಿನದು, ರಿಪೇರಿ ಆಗಿದೆ ಎಂದು ತಿಳಿಸಿದರು. ಇದನ್ನು ಸ್ಪೀಕರಿನಲ್ಲಿ ಹೇಳಬಹುದಲ್ಲ ಎಂದು ಭಾವ ಕೇಳಿದ್ದಕ್ಕೆ, ಆಚೆ ಕಟ್ಟಡದವರ ಮರ್ಯಾದೆಯ ಪ್ರಶ್ನೆ ಎಂದರಂತೆ. ಬಚ್ಚಲಿಗೂ ಇಪ್ಪತ್ತೊಂಬತ್ತು ಸಹಿ ಒಂದೇ ಸಂಜೆಯಲ್ಲಿ ಬಂದವು.

ಲಾರಿ ಬಂತು, ತಿಳಿಹಸಿರು ಅಡುಗೆಮನೆ ಎದ್ದು ನಿಂತಿತು. ಗ್ರೈಂಡರಿಗೆಂದು ಕಟ್ಟಿಸಿದ ಕಟ್ಟೆಯೂ ಅದರ ಸ್ವಂತ ಪ್ಲಗ್ಗೂ ಅದಕ್ಕೆ ದಕ್ಕಲಿಲ್ಲ. ಈಗ ಅಲ್ಲಿ ಅನ್ನದ ಕುಕ್ಕರು ಕೂತಿದೆ. ಗ್ರೈಂಡರನ್ನು ಅಜ್ಜಿಯ ಮನೆಯಿಂದ ಎತ್ತುವ ಧೈರ್ಯ ಯಾರಿಗೂ ಇಲ್ಲ. ಎತ್ತಿದರೆ ಬಳೆ ಅಲುಗಬಹುದು, ಒಮ್ಮೆ ಅಲುಗಿದರೆ ಅಜ್ಜಿ ಅವತ್ತು ಯಾವ ಕೈಯಲ್ಲಿ, ಎಷ್ಟು ಒರೆಸಿದರೆಂದು ಯಾರು ಬಲ್ಲರು? ಪ್ರತಿ ಶನಿವಾರ ಹತ್ತಕ್ಕೆ ಎರಡು ನಿಮಿಷವಿರುವಾಗ ಅಪ್ಪ ಬರುತ್ತಾರೆ, ನೇರ 602ರ ಗಂಟೆ ಒತ್ತುತ್ತಾರೆ, ಭಾವ ಮೆಟ್ಟಿಲಲ್ಲಿ ಓಡಿ ಇಳಿಯುತ್ತಾರೆ. ಕಾಫಿ ಮುಗಿದ ಮೇಲೆ ಎಲ್ಲರೂ ಊಟಕ್ಕೆ ನಮ್ಮ ಮನೆಗೆ ಹತ್ತುತ್ತಾರೆ. ಹೊಸ ಅಡುಗೆಮನೆಯಲ್ಲಿ ಅಪ್ಪ ತಟ್ಟೆಯ ಮುಂದೆ ಕೂತು, ಅಕ್ಕನ ಕಡೆ ತಿರುಗಿ, ಇವಳ ಗಂಡನಿಗೆ ಇನ್ನೊಂಚೂರು ಅನ್ನ ಹಾಕಿ ಅನ್ನುತ್ತಾರೆ.

ಭಾವನಿಗೆ ಬೇಸರವಿಲ್ಲ. ಒಂದು ಮಹಡಿ ಇಳಿದರೆ ಅವರು ಅಳಿಯಂದಿರು.